ಒಲೆಯಲ್ಲಿ ಬೆಂದ ಪಿಸ್ಟನ್

ನನ್ನ ಭಾವ ದಸೂಕಿಯ ಬಗ್ಗೆ ಹೇಳೋಣ ಎಂದು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ನಲವತ್ತು ವರ್ಷದಿಂದ ಹೀಗೇ. ಮೊದಲು ನಗು ಬಂದು ಆಮೇಲೆ ಸಿಟ್ಟು ಬಂದದ್ದು ಒಂದು ಸಲವೂ ಇಲ್ಲ.

ನಾನು ಶಹಾತಾ. ಮೀತ್ ಗಮ್ರ್ ಎಂಬ ಊರಿನ ಕಾಲುವೆ ಪಕ್ಕದಲ್ಲಿ ನೀರೆತ್ತುವ ಎಂಜಿನ್ ರಿಪೇರಿ ಮಾಡುತ್ತೇನೆ. ದಸೂಕಿ ನನ್ನ ತಂಗಿ ಇನ್ಶಿರಾಳ ಗಂಡ. ಅವನ ಅಪ್ಪನದು ಅಲ್ಯೂಮಿನಿಯಂ ಪಾತ್ರೆಯ ಎರಕದ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಒಂದು ಕುಲುಮೆ, ಎರಡು ಮೂಸೆ, ಮೂಲೆಯಲ್ಲಿ ಬೆಟ್ಟದಷ್ಟು ಗುಜರಿ. ನಮ್ಮೂರಲ್ಲಿ ಹುಟ್ಟಿದವನು ಅಲ್ಯೂಮಿನಿಯಂ ಕರಗಿಸುತ್ತಾನೆ, ಇಲ್ಲ ತಟ್ಟುತ್ತಾನೆ, ಇಲ್ಲ ಉಜ್ಜಿ ಹೊಳಪು ಕೊಡುತ್ತಾನೆ. ದಸೂಕಿ ಮೂರನ್ನೂ ಮಾಡುತ್ತಿದ್ದ, ಜೊತೆಗೆ ಮಾತಾಡುತ್ತಿದ್ದ. ಮಾತು ಮಾತ್ರ ಕುಲುಮೆ ಆರಿದ ಮೇಲೂ ಆರುತ್ತಿರಲಿಲ್ಲ.

ಕೆಲಸಗಾರ ಅಂತೂ ಹೌದು, ಅದನ್ನು ಒಪ್ಪದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಗುಜರಿಯ ತುಂಡನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಟಣ್ ಎನಿಸಿ, ಇದು ಪಾತ್ರೆಯ ಮೆತ್ತನೆ ಲೋಹ, ಇದು ಎಂಜಿನ್ನಿನ ಗಟ್ಟಿ ಲೋಹ ಎಂದು ಹೇಳಿಬಿಡುತ್ತಿದ್ದ. ಅನುಮಾನ ಬಂದರೆ ಆ ತುಂಡು ಇನ್ಶಿರಾಳ ಹತ್ತಿರ ಬರುತ್ತಿತ್ತು. ಅವಳು ಮನೆಯಲ್ಲಿ ಸಾಬೂನು ಮಾಡಲು ಇಟ್ಟುಕೊಂಡ ಕಾಸ್ಟಿಕ್ ಸೋಡಾ ನೀರಿನ ಒಂದು ತೊಟ್ಟು ಬಿಡುತ್ತಿದ್ದಳು. ಬಿಳಿಯಾಗೇ ಉಳಿದರೆ ಪಾತ್ರೆಗೆ. ಬೂದು ಬಣ್ಣಕ್ಕೆ ತಿರುಗಿದರೆ ಹಳೆ ಪಿಸ್ಟನ್ನಿನ ಜಾತಿ. ಕಪ್ಪಾದರೆ ಅದರಲ್ಲಿ ತಾಮ್ರ ಬೆರೆತಿದೆ ಎಂದು ಅರ್ಥ. ಗಂಡ ಕಿವಿಯಿಂದ ಹೇಳಿದ್ದನ್ನು ಹೆಂಡತಿ ತೊಟ್ಟಿನಿಂದ ಎಷ್ಟೋ ಸಲ ಸುಳ್ಳು ಮಾಡಿದ್ದಾಳೆ. ಆಗೆಲ್ಲ ಅವನು ಸೋಡಾದ ಮೇಲೆ ತಪ್ಪು ಹೊರಿಸುತ್ತಿದ್ದ.

ಅವನ ದೊಡ್ಡ ರೋಗ ಆಣೆ. ಬೇರೆಯವರು "ದೇವರಾಣೆ" ಅನ್ನುವ ಕಡೆ ಇವನದು "ಮೂರು ತಲಾಖ್ ಆಣೆ!" ಹೇಳಿದ್ದು ಸುಳ್ಳಾದರೆ ಹೆಂಡತಿಗೆ ಮೂರು ಸಲ ತಲಾಖ್ ಹೇಳಿದ ಹಾಗೆ ಎಂದು ಅರ್ಥ. ನಮ್ಮ ಕಡೆಯ ಗಂಡಸರಲ್ಲಿ ಈ ಚಟ ಹೊಸದಲ್ಲ, ಆದರೆ ಇವನಿಗೆ ಇದ್ದಷ್ಟು ಯಾರಿಗೂ ಇರಲಿಲ್ಲ. ರೈಲು ಇವತ್ತು ತಡ, ಮೂರು ತಲಾಖ್ ಆಣೆ. ಈ ಕಲ್ಲಂಗಡಿ ಒಳಗೆ ಕೆಂಪಗಿದೆ, ಮೂರು ತಲಾಖ್ ಆಣೆ. ಒಂದು ಸಲ ಆ ಕಲ್ಲಂಗಡಿ ಕೊಯ್ದರೆ ಒಳಗೆ ಸುಣ್ಣದ ಹಾಗೆ ಬಿಳಿ. ಇನ್ಶಿರಾ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಕೆಂಪಗೇ ಇದೆ ಬಿಡಿ, ನನ್ನ ಸಂಸಾರ ಉಳೀಲಿ" ಅಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ನಗಲಿಲ್ಲ ಅನ್ನುವುದನ್ನು ನಾನು ಆವತ್ತು ಗಮನಿಸಲಿಲ್ಲ, ಅಣ್ಣ ಅನ್ನಿಸಿಕೊಂಡವನು ಗಮನಿಸಬೇಕಿತ್ತು.

ಆ ವರ್ಷ ಹೊರದೇಶದ ಪಿಸ್ಟನ್ ಬರುವುದು ನಿಂತಿತು. ನಮ್ಮ ಸುತ್ತಿನ ಭತ್ತದ ಗದ್ದೆಗಳೆಲ್ಲ ನಿಂತಿರುವುದು ಆ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಮೇಲೆ. ನನ್ನ ಅಂಗಡಿ ಮುಂದೆ ಸತ್ತ ಎಂಜಿನ್ನುಗಳು ಸಾಲಾಗಿ ಕೂತಿದ್ದವು. ದಸೂಕಿ ಬಂದು ನೋಡಿದ, ಒಂದು ಹಳೆ ಪಿಸ್ಟನ್ನನ್ನು ಟಣ್ ಎನಿಸಿದ, "ಭಾವ, ಇದೂ ಒಂದು ಪಾತ್ರೇನೇ. ಬೋರಲು ಹಾಕಿದ ಪಾತ್ರೆ. ನಾನು ಎರಕ ಹೊಯ್ತೀನಿ, ನೀನು ಲೇತಿನಲ್ಲಿ ಕಡೆದು ಅಳತೆಗೆ ತಾ" ಅಂದ.

ಮೊದಲನೆಯದನ್ನು ಪಾತ್ರೆಯ ಲೋಹದಲ್ಲೇ ಹೊಯ್ದ. ಅದು ಎಂಜಿನ್ನಿನ ಒಳಗೆ ಬೆಣ್ಣೆಯಾಗಿಹೋಯಿತು. ಆಮೇಲೆ ಬುದ್ಧಿ ಬಂತು. ಗುಜರಿಯಲ್ಲಿದ್ದ ಹಳೆ ಪಿಸ್ಟನ್ನುಗಳನ್ನು ಆರಿಸಿ ಅವನ್ನೇ ಕರಗಿಸಿದ, ಮೇಲೆ ಕರೆಂಟ್ ತಂತಿಯ ತಾಮ್ರ ಒಂದಿಷ್ಟು ಬೆರೆಸಿದ. ತಾಮ್ರ ಹೆಚ್ಚಾದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ಕಡಿಮೆಯಾದರೆ ಬಿಸಿಗೆ ಸೋಲುತ್ತದೆ. ಎರಡು ವಾರ ಒದ್ದಾಡಿ ಆ ಬೆರಕೆಯ ಅಳತೆ ಹಿಡಿದ. ಕಬ್ಬಿಣದ ಅಚ್ಚಿನಿಂದ ಕೆಂಡದಂಥ ಎರಕವನ್ನು ಇಕ್ಕಳದಲ್ಲಿ ಎತ್ತಿ ಸೀದಾ ಬಿಸಿನೀರಿನ ತೊಟ್ಟಿಗೆ ಬಿಡುತ್ತಿದ್ದ. ಹಾಗೆ ಬಿಟ್ಟರೆ ಮುಂದೆ ಗಟ್ಟಿ ಬರುತ್ತದೆ ಎಂದು ಅವನ ಅಪ್ಪ ಹೇಳಿದ್ದನಂತೆ. ಮುಂದೆ ಅಂದರೆ ಯಾವಾಗ ಎಂದು ಅಪ್ಪನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಮೇ ತಿಂಗಳ ಕೊನೆಗೆ ಒಂದು ಸಾಯಂಕಾಲ ಕಾಫಿ ಅಂಗಡಿಯಲ್ಲಿ ಹಾಜಿ ಬದ್ರಾನ್ ಸಿಕ್ಕರು. ಕಾಲುವೆಯಾಚೆ ಎಂಟು ಫೆದ್ದಾನ್, ಹೆಚ್ಚುಕಡಿಮೆ ಎಂಟು ಎಕರೆ, ಭತ್ತದ ಗದ್ದೆ ಅವರದು. ನನ್ನ ಅಂಗಡಿ ಮುಂದೆ ಸತ್ತು ಬಿದ್ದಿದ್ದ ಎಂಜಿನ್ನುಗಳಲ್ಲಿ ಒಂದು ಅವರದೇ. ಹುಕ್ಕಾ ಗುಡುಗುಡಿಸುತ್ತ ಅಂದರು: "ಏನು ದಸೂಕಿ, ನಿನ್ನ ಪಿಸ್ಟನ್ನಿನಲ್ಲಿ ಮುಲೂಖಿಯ್ಯಾ ಸೊಪ್ಪಿನ ಸಾರು ಮಾಡಬಹುದಂತೆ, ನೀರೆತ್ತೋಕೆ ಮಾತ್ರ ಆಗಲ್ವಂತೆ?"

ಅಂಗಡಿ ತುಂಬಾ ನಗು. ನಾನು ಮೇಜಿನ ಕೆಳಗಿಂದ ದಸೂಕಿಯ ಕಾಲು ತುಳಿದೆ. ಅವನ ಕಿವಿ ಕೆಂಪಾಯಿತು. ಎದ್ದು ನಿಂತ. "ಹಾಜಿ, ನಾಟಿಯ ದಿನದಿಂದ ಕೊಯ್ಲಿನ ದಿನದವರೆಗೂ ನನ್ನ ಪಿಸ್ಟನ್ ನಿಮ್ಮ ಎಂಜಿನ್ನಲ್ಲಿ ಓಡುತ್ತೆ. ಒಂದು ಸಲ ಸಿಲಿಂಡರಿಗೆ ಕಚ್ಚಿಕೊಂಡರೂ, ಒಂದು ಬಿರುಕು ಬಂದರೂ, ಮೂರು ತಲಾಖ್! ಇನ್ಶಿರಾ ನನ್ನ ಹೆಂಡತಿಯೇ ಅಲ್ಲ!"

ನಗು ನಿಂತುಹೋಯಿತು. ಕಲ್ಲಂಗಡಿಗೂ ರೈಲಿಗೂ ಹೇಳುವುದು ಬೇರೆ. ಇಷ್ಟು ಜನರ ಮುಂದೆ, ಹೆಂಡತಿಯ ಹೆಸರು ಹಿಡಿದು, ನಾಲ್ಕು ತಿಂಗಳ ಗಡುವು ಹಾಕಿ! ಹಾಜಿ ಬದ್ರಾನ್ ಹುಕ್ಕಾ ಕೆಳಗಿಟ್ಟು, "ಅಯ್ಯೋ ಮಾರಾಯ, ನಾನು ತಮಾಷೆಗೆ ಅಂದೆ" ಅಂದರು. ಆದರೆ ಬಾಯಿಂದ ಬಿದ್ದದ್ದು ಬಿದ್ದಾಗಿತ್ತು.

ದಸೂಕಿ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವನು ಬಾಗಿಲಿಗೆ ಹೋಗುವಾಗ ಇನ್ಶಿರಾ ಗಂಟುಮೂಟೆ ಕಟ್ಟಿಕೊಂಡು, ಕುಕ್ಕೆಯಲ್ಲಿ ನಾಲ್ಕು ಕೋಳಿ ಹಾಕಿಕೊಂಡು ಹೊರಗೆ ಬರುತ್ತಿದ್ದಳು. ಅರ್ಧ ಗಂಟೆಯಲ್ಲಿ ನನ್ನ ಅಂಗಳದಲ್ಲಿದ್ದಳು.

"ಏನೇ ಇದು?" ಅಂದೆ.

"ಪಿಸ್ಟನ್ನಿಗೆ ನೇತುಹಾಕಿದ ಮನೇಲಿ ನಾನು ಇರಲ್ಲ, ಅಣ್ಣ. ಭತ್ತ ಕೊಯ್ಯೋ ತನಕ ಇಲ್ಲೇ ಇರ್ತೀನಿ. ಪಿಸ್ಟನ್ ತಾಳಿದ್ರೆ ಆಮೇಲೆ ನೋಡೋಣ. ತಾಳದಿದ್ರೆ ನಾನು ಹೆಂಡತಿಯಲ್ಲ ಅಂತ ಅವನೇ ಹೇಳಿಯಾಯ್ತಲ್ಲ."

ಮಸೀದಿಯ ಶೇಖ್ ಸಾಹೇಬರನ್ನು ಕರೆಸಿದೆ. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು: ಇದು ಜಂಬದ ಆಣೆ, ತಲಾಖ್ ಆಗುವುದಿಲ್ಲ, ಕಾನೂನಿನಲ್ಲೂ ಆಗುವುದಿಲ್ಲ, ಮಾತು ತಪ್ಪಿದರೆ ಹತ್ತು ಜನ ಬಡವರಿಗೆ ಊಟ ಹಾಕಿದರೆ ಮುಗಿಯಿತು.

ಇನ್ಶಿರಾ ತಲೆಯ ಬಟ್ಟೆ ಸರಿ ಮಾಡಿಕೊಂಡಳು. "ಶೇಖ್ ಸಾಹೇಬರೇ, ನಿಮ್ಮ ಕಿತಾಬು ಒಪ್ಪದಿರಬಹುದು. ನನ್ನ ಕಿವಿ ಕೇಳಿಸಿಕೊಂಡಿದೆ. ಝಗಾಝೀಗ್ ಪಟ್ಟಣದಲ್ಲಿರೋ ನನ್ನ ಮಗಳಿಗೆ ಮೂರು ಮಕ್ಕಳು. ಅಜ್ಜಿಯಾದವಳನ್ನು ಕಲ್ಲಂಗಡಿಗೂ ಪಣ, ಪಿಸ್ಟನ್ನಿಗೂ ಪಣ ಅಂತ ಇಡ್ತಾನಲ್ಲ, ಬಡವರು ಊಟ ಮಾಡಿದ್ರೆ ನನ್ನ ಹೊಟ್ಟೆಯ ಸಂಕಟ ಹೋಗುತ್ತಾ?"

ಶೇಖ್ ಸಾಹೇಬರು ಚಹಾ ಕುಡಿದು ಎದ್ದರು. ನನ್ನ ಹೆಂಡತಿ ನಬವಿಯ್ಯಾ ಒಳಗಿನಿಂದ ಜೋರಾಗಿ, "ಸರಿಯಾಗಿ ಹೇಳಿದೆ ಕಣೇ!" ಅಂದಳು. ಮನೆಯಲ್ಲಿ ಇಬ್ಬರು ಹೆಂಗಸರು ಒಂದಾದ ಮೇಲೆ ನಾನು ಅಂಗಡಿಯಲ್ಲೇ ಹೆಚ್ಚು ಹೊತ್ತು ಕಳೆಯಲು ಶುರು ಮಾಡಿದೆ.

ನಾಟಿಗೆ ಇಪ್ಪತ್ತು ದಿನ ಇತ್ತು. ಹಾಜಿಯ ಎಂಜಿನ್ನಿಗೆ ಹಾಕುವ ಮೊದಲು ನನ್ನ ಅಂಗಡಿಯ ಮುದಿ ಎಂಜಿನ್ನಲ್ಲಿ ಓಡಿಸಿ ನೋಡೋಣ ಎಂದುಕೊಂಡೆವು. ದಸೂಕಿಯ ಹೊಸ ಬೆರಕೆಯ ಪಿಸ್ಟನ್ ನೋಡಲು ಚೆಂದವಾಗಿತ್ತು. ಲೇತಿನಲ್ಲಿ ಕಡೆದು, ಕೂದಲೆಳೆಯ ಅಳತೆ ನೋಡಿ ಹಾಕಿದೆ. ನಾಲ್ಕು ಗಂಟೆ ಚೆನ್ನಾಗಿ ಓಡಿತು. ಐದನೆಯ ಗಂಟೆಗೆ ಕೀಚ್ ಎಂದು ಕಚ್ಚಿಕೊಂಡು ನಿಂತಿತು. ಎರಡನೆಯದೂ ಹಾಗೇ. ಮೂರನೆಯದನ್ನು ಸ್ವಲ್ಪ ಸಣ್ಣಗೆ ಕಡೆದು ಹಾಕಿದೆ. ಮೊದಲು ಲಟಲಟ ಅಂತಿತ್ತು, ಆಮೇಲೆ ಅದೂ ಕಚ್ಚಿಕೊಂಡಿತು.

ಆ ಪಿಸ್ಟನ್ನನ್ನು ಹೊರಗೆ ತೆಗೆದು, ತಣ್ಣಗಾಗಲು ಬಿಟ್ಟು, ಮರುದಿನ ಅಳೆದೆ. ನನ್ನ ತಲೆ ತಿರುಗಿತು. ಬಿಸಿಯಲ್ಲಿ ಲೋಹ ಹಿಗ್ಗುತ್ತದೆ, ತಣ್ಣಗಾದರೆ ಮೊದಲಿನ ಅಳತೆಗೆ ಬರುತ್ತದೆ. ಇದು ಬಂದಿಲ್ಲ! ಒಳಗೆ ಹಾಕುವಾಗ ಇದ್ದದ್ದಕ್ಕಿಂತ ಕೂದಲೆಳೆಯಷ್ಟು ಬೆಳೆದುಬಿಟ್ಟಿದೆ.

"ಲೋಹ ಬೆಳೆಯುತ್ತೇನಯ್ಯಾ, ಸೌತೆಕಾಯಿ ಥರ?" ಅಂದ ದಸೂಕಿ. "ನಿನ್ನ ಮೈಕ್ರೋಮೀಟರು ಕೆಟ್ಟಿದೆ. ನಿಮ್ಮ ತಾತನ ಕಾಲದಲ್ಲಿ ಬಾವಿಗೆ ಬಿದ್ದಿದ್ದು ಅದು."

"ನನ್ನ ಮೈಕ್ರೋಮೀಟರಿನ ಸುದ್ದಿಗೆ ಬಂದೆ ಅಂದ್ರೆ ನೋಡು! ನಿನ್ನ ಬಾಯಿ ಕೆಟ್ಟಿರೋದು. ಆ ಬಾಯಿಂದಲೇ ನನ್ನ ಮನೇಲಿ ನಾಲ್ಕು ಕೋಳಿ ಹೆಚ್ಚಾಗಿವೆ!"

ಮೂರು ದಿನ ಮಾತು ಬಿಟ್ಟೆವು. ನಾಟಿಗೆ ಹನ್ನೊಂದು ದಿನ ಉಳಿದಿತ್ತು.

ನಾಲ್ಕನೆಯ ದಿನ ನಾನು ಅಂಗಳದಲ್ಲಿ ಆ ಬೆಳೆದ ಪಿಸ್ಟನ್ನನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಊದಿಸಿ ಕೂತಿದ್ದೆ. ಇನ್ಶಿರಾ ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಟ್ಟು ಮುಗಿಸಿದ್ದಳು. ನಬವಿಯ್ಯಾ ಸಂತೆಯಿಂದ ಹೊಸ ಬಿರಾಮ್ ತಂದಿದ್ದಳು. ಹಾಲು ಅಕ್ಕಿ ಕೆನೆ ಹಾಕಿ ಒಲೆಯಲ್ಲಿ ಬೇಯಿಸುವ ಮಣ್ಣಿನ ಗಡಿಗೆ ಅದು. ಇನ್ಶಿರಾ ಅದಕ್ಕೆ ಒಳಗೂ ಹೊರಗೂ ಎಣ್ಣೆ ಮತ್ತು ಕಬ್ಬಿನ ಕಾಕಂಬಿ ಸವರಿ, ಬರಿದಾಗಿಯೇ ಒಲೆಯೊಳಗೆ ಇಡುತ್ತಿದ್ದಳು.

"ಅಣ್ಣ, ಹೊಸ ಬಿರಾಮಿಗೆ ಹೀಗೆ ಒಲೆ ತೋರಿಸದೆ ಸೀದಾ ಹಾಲು ಅಕ್ಕಿ ಹಾಕಿದ್ರೆ ಏನಾಗುತ್ತೆ?"

"ಬಿರುಕು ಬಿಡುತ್ತೆ. ಯಾರಿಗೆ ಗೊತ್ತಿಲ್ಲ?"

"ನಿಮ್ಮ ಪಿಸ್ಟನ್ನಿಗೆ ಒಲೆ ತೋರಿಸಿದ್ರಾ?"

"ಅದು ಕುಲುಮೆಯಿಂದಲೇ ಬಂದಿದ್ದಲ್ವೇನೇ, ಹುಚ್ಚಿ!"

"ಕುಲುಮೆಯಿಂದ ಬಂತು, ನೀರಿಗೆ ಬಿತ್ತು. ನಡುವೆ ಬೇಯಲಿಲ್ಲ. ಹಸಿಯದನ್ನೇ ಎಂಜಿನ್ನಿಗೆ ಬಡಿಸಿದ್ರಿ. ಅದು ಹೊಟ್ಟೆಯೊಳಗೆ ಹೋಗಿ ಬೇಯ್ತಾ ಇದೆ, ಅಲ್ಲೇ ಉಬ್ಬುತ್ತಾ ಇದೆ."

ನಾನು ನಗಲು ಬಾಯಿ ತೆರೆದೆ. ಅವಳು ಬಿಡಲಿಲ್ಲ. "ಅಲ್ಲಿ ಚಹಾದ ಕೆಟಲು ಬೆಚ್ಚಗಿರ್ಲಿ ಅಂತ ಕುಲುಮೆಯ ಅಂಚಲ್ಲಿ ಒಂದು ಒಡಕು ಪಿಸ್ಟನ್ ಇಟ್ಟಿದ್ನಲ್ಲ, ನಿನ್ನ ಭಾವ? ನಾನು ಇಲ್ಲಿಗೆ ಬರೋ ಹಿಂದಿನ ದಿನ ಅದನ್ನು ಒಡೆದು ಕರಗಿಸೋಕೆ ಹೋದ. ಸುತ್ತಿಗೆಯ ಹಿಡಿ ಮುರೀತು, ಪಿಸ್ಟನ್ ಮುರೀಲಿಲ್ಲ. ಅದೇ ಬೆರಕೆ, ಅದೇ ಅಚ್ಚು. ಅದು ಮಾತ್ರ ಯಾಕೆ ಗಟ್ಟಿ? ಅಲ್ಲಿ ಅದು ನಿಧಾನಕ್ಕೆ ಬೆಂದಿದೆ, ಅದಕ್ಕೆ."

ಮೂವತ್ತು ವರ್ಷ ಎಂಜಿನ್ ಬಿಚ್ಚಿದವನು ನಾನು. ಇದು ನನಗೆ ಹೊಳೆದಿರಲಿಲ್ಲ, ಈಗ ಹೊಳೆದದ್ದಕ್ಕೆ ಖುಷಿಯಾಯಿತೋ ನಾಚಿಕೆಯಾಯಿತೋ ಹೇಳಲಾರೆ. ಓಡಿಹೋಗಿ ದಸೂಕಿಯನ್ನು ಕರೆತಂದೆ.

ಇನ್ಶಿರಾ ಅವನನ್ನು ಅಂಗಳದೊಳಗೆ ಬಿಡಲಿಲ್ಲ. ಅವನು ಗೋಡೆಯಾಚೆ, ಅವಳು ಒಲೆಯ ಮುಂದೆ, ನಡುವೆ ನಾನು.

"ಅಣ್ಣ, ಆ ಉಸ್ತಾಗೆ, ಆ ದೊಡ್ಡ ಮೇಸ್ತ್ರಿಗೆ ಹೇಳು, ಮೊದಲು ಬೇಯಿಸಬೇಕು, ಆಮೇಲೆ ಲೇತಿಗೆ ಕೊಡಬೇಕು. ಬೆಳೆಯೋದೆಲ್ಲ ಮೊದಲೇ ಬೆಳೆದುಬಿಡಲಿ."

"ಭಾವ, ಅವಳನ್ನ ಕೇಳು, ಎಷ್ಟು ಬಿಸಿ?"

"ಕಿವಿ ಇದೆ ನನಗೆ. ಹೇಳು ಅವನಿಗೆ, ರೊಟ್ಟಿ ತೆಗೆದ ಮೇಲೆ ಉಳಿಯೋ ಬಿಸಿ."

"ಅದು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳು!"

"ನನಗೂ ಕಿವಿ ಇದೆ ಕಣಯ್ಯಾ, ನೀವಿಬ್ಬರೂ ಕೂಗಾಡೋದು ಇಡೀ ಓಣಿಗೆ ಕೇಳ್ತಿದೆ!" ಎಂದು ನಾನೂ ಕೂಗಿದೆ. ಗೋಡೆಯ ಮೇಲೆ ಆಗಲೇ ಏಳೆಂಟು ತಲೆಗಳು ಎದ್ದಿದ್ದವು.

ಮೊದಲ ಸಲದ ಅಡುಗೆ ಕೆಟ್ಟಿತು, ಕೆಡಿಸಿದವನು ದಸೂಕಿಯೇ. ಗಟ್ಟಿಯಾಗುವುದಾದರೆ ಇನ್ನಷ್ಟು ಗಟ್ಟಿಯಾಗಲಿ ಎಂದು ಗೋಡೆಯಾಚೆಯಿಂದ ಹಟ ಹಿಡಿದು, ಒಲೆಗೆ ಮತ್ತೆ ಮತ್ತೆ ಹತ್ತಿಯ ಕಡ್ಡಿ ತುಂಬಿಸಿ, ಮರುದಿನ ಮಧ್ಯಾಹ್ನದವರೆಗೆ ಪಿಸ್ಟನ್ನನ್ನು ಒಳಗೇ ಇಡಿಸಿದ. ಹೊರಗೆ ಬಂದ ಮೇಲೆ ನಾನು ಬೇರಿಂಗಿನ ಉಕ್ಕಿನ ಗುಂಡೊಂದನ್ನು ಸೊಂಟದೆತ್ತರದಿಂದ ಅದರ ಮೇಲೆ ಬೀಳಿಸಿದೆ. ಗುಂಡು ಬಿದ್ದ ಕಡೆ ದೊಡ್ಡ ಗುಳಿ. ಬೇಯಿಸದೇ ಇದ್ದದ್ದಕ್ಕಿಂತಲೂ ಮೆತ್ತಗೆ!

"ಅನ್ನ ಮುದ್ದೆಯಾಯ್ತು" ಅಂದಳು ಇನ್ಶಿರಾ. "ಅಣ್ಣ, ಆ ಉಸ್ತಾಗೆ ಹೇಳು, ಬೇಯಿಸೋ ಕೆಲಸ ನನಗೆ ಬಿಟ್ಟು ಬಾಯಿ ಮುಚ್ಚಿಕೊಂಡು ಎರಕ ಹೊಯ್ಯಲಿ."

ಅವಳು ತಗಡಿನ ಮೇಲೆ ಒಂದು ಚಿಟಿಕೆ ಸಕ್ಕರೆ ಹಾಕಿ ಒಲೆಯೊಳಗೆ ತಳ್ಳುತ್ತಿದ್ದಳು. ಸಕ್ಕರೆ ಕಪ್ಪಾದರೆ ಒಲೆ ಇನ್ನೂ ಜೋರು, ಕಾಯಬೇಕು. ಕರಗದೆ ಕೂತರೆ ಒಲೆ ತಣ್ಣಗಾಯಿತು, ಎರಡು ಕಡ್ಡಿ ಹಾಕಬೇಕು. ಕರಗಿ ಜೇನಿನ ಬಣ್ಣಕ್ಕೆ ನಿಂತರೆ ಸರಿ. ಆಗ ಪಿಸ್ಟನ್ ಒಳಗೆ, ಬಾಯಿಗೆ ತಗಡು, ತಗಡಿನ ಸುತ್ತ ಹಸಿ ಮಣ್ಣು. ಮಧ್ಯಾಹ್ನದ ಬಾಂಗಿಗೆ ಇಟ್ಟರೆ ಸಾಯಂಕಾಲದ ಬಾಂಗಿಗೆ ತೆಗೆಯುವುದು. ನಡುನಡುವೆ ಸಕ್ಕರೆ. ನಮ್ಮ ಮನೆಯ ಒಂದು ವಾರದ ಚಹಾದ ಸಕ್ಕರೆ ಆ ಒಲೆಗೆ ಹೋಯಿತು, ನಾನು ಸಪ್ಪೆ ಚಹಾ ಕುಡಿದೆ.

ಎರಡನೆಯ ಸಲದ್ದಕ್ಕೆ ಉಕ್ಕಿನ ಗುಂಡು ಬಿಟ್ಟೆ. ಟಣ್ ಎಂದು ಮೇಲಕ್ಕೆ ಹಾರಿ ನಬವಿಯ್ಯಾಳ ಹಿಟ್ಟಿನ ಬೋಗುಣಿಗೆ ಬಿತ್ತು. ಪಿಸ್ಟನ್ನಿನ ಮೇಲೆ ಸಾಸಿವೆಯಷ್ಟು ಗುರುತು. ಗೋಡೆಯಾಚೆಯಿಂದ ದಸೂಕಿ, "ಏನಾಯ್ತು? ಯಾರಾದ್ರೂ ಹೇಳ್ರಪ್ಪಾ!" ಎಂದು ಎಗರಾಡುತ್ತಿದ್ದ. ಇನ್ಶಿರಾ ಒಲೆಯ ಕಡೆ ತಿರುಗಿಕೊಂಡು ನಕ್ಕಳು. ಗಂಟು ಕಟ್ಟಿಕೊಂಡು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಅದನ್ನು ಅವನಿಗೆ ಹೇಳಲಿಲ್ಲ, ಇನ್ನೂ ಸ್ವಲ್ಪ ಒದ್ದಾಡಲಿ ಎಂದು.

ಬೆಂದದ್ದನ್ನು ಲೇತಿನಲ್ಲಿ ಕಡೆದೆ. ನಾಟಿಯ ದಿನ ಬೆಳಿಗ್ಗೆ ಹಾಜಿ ಬದ್ರಾನರ ಎಂಜಿನ್ನಿಗೆ ಹಾಕಿದೆ. ಹಾಜಿ "ಬಿಸ್ಮಿಲ್ಲಾ" ಎಂದು ಚಕ್ರ ತಿರುಗಿಸಿದರು. ಡಬ್ ಡಬ್ ಡಬ್ ಎಂದು ಶುರುವಾಯಿತು. ಕಾಲುವೆಯ ನೀರು ಗದ್ದೆಗೆ ನುಗ್ಗಿತು. ದಸೂಕಿ ಅಳುತ್ತಿದ್ದ. ಕೇಳಿದರೆ ಡೀಸೆಲ್ ಹೊಗೆ ಅಂದ.

ಅಲ್ಲಿಂದ ನಾಲ್ಕು ತಿಂಗಳು ಇಡೀ ಓಣಿಗೆ ಆ ಡಬ್ ಡಬ್ ಸದ್ದೇ ಗಡಿಯಾರ. ಕಾಲುವೆಯಾಚೆಯಿಂದ ನನ್ನ ಅಂಗಳಕ್ಕೆ ಚೆನ್ನಾಗಿ ಕೇಳುತ್ತಿತ್ತು. ಹೆಂಗಸರು ರೊಟ್ಟಿ ತಟ್ಟುತ್ತಾ, "ಉಸ್ತಾ ದಸೂಕಿಯ ಸಂಸಾರ ಓಡ್ತಿದೆ" ಎಂದು ನಗುತ್ತಿದ್ದರು. ಇನ್ಶಿರಾ ಕಿವಿಗೆ ಹಾಕಿಕೊಳ್ಳದವಳಂತೆ ಇರುತ್ತಿದ್ದಳು. ಆದರೆ ನೀರು ಸಾಕೆಂದು ಹಾಜಿ ಎಂಜಿನ್ ನಿಲ್ಲಿಸುವ ಹೊತ್ತು ಯಾವುದು, ಮತ್ತೆ ಶುರು ಮಾಡುವ ಹೊತ್ತು ಯಾವುದು, ಅವಳಿಗೆ ಹಾಜಿಗಿಂತ ಚೆನ್ನಾಗಿ ಗೊತ್ತಿತ್ತು.

ಆಗಸ್ಟಿನ ಒಂದು ದಿನ, ಸುಡುವ ಬಿಸಿಲು, ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ನಿಂತಿತು.

ನಾನು ಅಂಗಡಿಯಿಂದ ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಇನ್ಶಿರಾ ಬರಿಗಾಲಲ್ಲಿ ನನ್ನನ್ನು ದಾಟಿ ಓಡಿದಳು. ಕೈಯೆಲ್ಲ ಕಲಸಿದ ಹಿಟ್ಟು. ಐವತ್ತು ದಾಟಿದ ಹೆಂಗಸು, ಮೊಣಕಾಲು ನೋವಿನವಳು, ಕಾಲುವೆಯ ಸೇತುವೆಯ ಮೇಲೆ ಹರೆಯದವಳ ಹಾಗೆ ಓಡುತ್ತಿದ್ದಾಳೆ! ಆ ಕಡೆಯಿಂದ ದಸೂಕಿ ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಓಡಿ ಬರುತ್ತಿದ್ದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಇಬ್ಬರೂ ಎಂಜಿನ್ನಿನ ಹತ್ತಿರ ಎದುರುಬದುರಾಗಿ ನಿಂತಿದ್ದರು. ಉಸಿರು ಬಿಡಲೂ ಆಗದು.

ಹಾಜಿ ಬದ್ರಾನ್ ಹಿಪ್ಪುನೇರಳೆ ಮರದ ಕೆಳಗೆ ಕಾಲು ಚಾಚಿ ಮಲಗಿದ್ದರು. ಕಣ್ಣು ಬಿಟ್ಟು, "ಏನು, ಏನಾಯ್ತು? ತಲೆನೋವು ಬಂತು ಅಂತ ಸ್ವಲ್ಪ ನಿಲ್ಲಿಸಿದೆ" ಅಂದರು.

ಇನ್ಶಿರಾ ಎಂಜಿನ್ನಿನ ಮೈ ಮುಟ್ಟಿ ನೋಡಿದಳು. ಅವಳ ಹಿಟ್ಟಿನ ಬೆರಳುಗಳು ಅದರ ಮೇಲೆ ಅಚ್ಚಾದವು. ಆಮೇಲೆ ಎಪ್ಪತ್ತು ದಿನಗಳಲ್ಲಿ ಮೊದಲ ಬಾರಿಗೆ ಗಂಡನ ಜೊತೆ ನೇರ ಮಾತಾಡಿದಳು.

"ಚೆನ್ನಾಗಿದೆಯಾ?"

"ಯಾರು, ನಾನಾ?" ಅಂದ ದಸೂಕಿ ಆಸೆಯಿಂದ.

"ನೀನಲ್ಲ. ಪಿಸ್ಟನ್ನು!" ಅಂದು ತಿರುಗಿ ನಡೆದಳು. ಹಾಜಿ ನನ್ನ ಮುಖ ನೋಡಿದರು, ನಾನು ಹಾಜಿಯ ಮುಖ ನೋಡಿದೆ. ಆವತ್ತಿನಿಂದ ಅವರು ಎಂಜಿನ್ ನಿಲ್ಲಿಸುವ ಮೊದಲು ನನ್ನ ಮನೆಗೆ ಆಳು ಕಳಿಸಿ ತಿಳಿಸುತ್ತಿದ್ದರು.

ಅಕ್ಟೋಬರಿನಲ್ಲಿ ಭತ್ತ ಕೊಯ್ದರು. ಕೊಯ್ಲು ಮುಗಿದ ಮರುದಿನ ಗದ್ದೆಯ ಬದುವಿನ ಮೇಲೆ ಮದುವೆಗೆ ಸೇರಿದಷ್ಟು ಜನ. ನಾನು ಎಂಜಿನ್ನಿನ ತಲೆ ಬಿಚ್ಚಿದೆ. ಪಿಸ್ಟನ್ ಎಣ್ಣೆಯಲ್ಲಿ ಮಿರುಗುತ್ತಾ ಸಲೀಸಾಗಿ ಜಾರಿ ಹೊರಗೆ ಬಂತು. ಬಿರುಕಿಲ್ಲ. ರಿಂಗು ಕೂರುವ ತೋಡುಗಳು ಸವೆದಿಲ್ಲ. ಒರೆಸಿ ಅಳೆದೆ, ಎರಡು ಸಲ ಅಳೆದೆ. ನಾಟಿಯ ದಿನದ ಅಳತೆಯೇ!

ಹಾಜಿ ಬದ್ರಾನ್ ದಸೂಕಿಯ ಹಣೆಗೆ ಮುತ್ತಿಟ್ಟರು. ಜನ ಚಪ್ಪಾಳೆ ತಟ್ಟಿದರು, ಹೆಂಗಸರು ನಾಲಿಗೆ ಹೊರಳಿಸಿ ಝಗರೂತ ಎಂಬ ಹರ್ಷದ ಕೂಗು ಹಾಕಿದರು. ದಸೂಕಿ ಆ ಎಣ್ಣೆ ಸೋರುವ ಪಿಸ್ಟನ್ನನ್ನು ಎರಡೂ ಕೈಯಲ್ಲಿ ಹಿಡಿದು, ಊರಿನ ಅರ್ಧ ಜನವನ್ನು ಹಿಂದೆ ಹಾಕಿಕೊಂಡು ನನ್ನ ಅಂಗಳಕ್ಕೆ ಬಂದ. ಇನ್ಶಿರಾ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಅದು ನನಗೆ ಕಂಡಿತು, ಅವನಿಗೆ ಕಾಣಲಿಲ್ಲ.

"ಇನ್ಶಿರಾ, ನೋಡು! ತಾಳಿತು!"

"ನೋಡಿದೆ. ಪಿಸ್ಟನ್ ತಾಳಿತು. ನಿನ್ನ ಬಾಯಿ ತಾಳುತ್ತಾ?"

"ಇನ್ನು ಜನ್ಮದಲ್ಲಿ ಆ ಆಣೆ ನನ್ನ ಬಾಯಿಂದ ಬರಲ್ಲ" ಎಂದು ದಸೂಕಿ ಎದೆ ತಟ್ಟಿಕೊಂಡ. "ಮೂರು ತಲಾಖ್ ಆಣೆಗೂ ಬರಲ್ಲ!"

ಓಣಿಗೆ ಓಣಿಯೇ ನಗುತ್ತಾ ಕುಸಿಯಿತು. ಹಾಜಿ ನೆಲದ ಮೇಲೆ ಕೂತು ನಕ್ಕರು. ನಾನೂ ನಕ್ಕೆ, ನನಗೆ ಆಗಲೇ ನಾಚಿಕೆಯಾಯಿತು. ಇನ್ಶಿರಾ ಗಂಟನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಸೂಕಿ ತಾನೇನು ಅಂದೆ ಎಂದು ಆಗ ಅರ್ಥವಾಗಿ, ಪಿಸ್ಟನ್ ಹಿಡಿದುಕೊಂಡು ಕಲ್ಲಾಗಿ ನಿಂತ. ನಾಲ್ಕು ತಿಂಗಳು ಕಾದು ಗೆದ್ದದ್ದನ್ನು ಒಂದು ಉಸಿರಲ್ಲಿ ಕಳೆದುಕೊಂಡ.

ಮರುದಿನ ಬಂದ. ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತ. ಮಾತಾಡಲಿಲ್ಲ. ಸಂಜೆಗೆ ಎದ್ದು ಹೋದ. ಅದರ ಮರುದಿನವೂ ಬಂದ. ಜನ ಬಂದು ಕೆಣಕಿದರು, "ಉಸ್ತಾ, ಇವತ್ತು ಬಿಸಿಲು ಜಾಸ್ತಿ ಅಂತ ಆಣೆ ಮಾಡು ನೋಡೋಣ!" ಅಂದರು. ಅವನು ಬಾಯಿ ತೆರೆದು ಮುಚ್ಚುತ್ತಿದ್ದ. ಒಳಗೆ ಮಾತು ಕುದಿಯುತ್ತಿರುವುದು ಕಾಣುತ್ತಿತ್ತು, ಹೊರಗೆ ಬಿಡಲಿಲ್ಲ. ಹೀಗೆ ಎಂಟು ದಿನ. ಅವನು ಹುಟ್ಟಿದ ಮೇಲೆ ಅಷ್ಟು ದಿನ ಸುಮ್ಮನಿದ್ದದ್ದನ್ನು ಅವನ ತಾಯಿಯೂ ನೋಡಿರಲಿಕ್ಕಿಲ್ಲ.

ಒಂಬತ್ತನೆಯ ಮಧ್ಯಾಹ್ನ ಇನ್ಶಿರಾ ಒಳಗಿನಿಂದ ಅಂದಳು: "ಅಣ್ಣ, ಹೊರಗೆ ಕೂತಿರೋರು ಊಟ ಮಾಡಿದ್ರಾ ಕೇಳು."

ನಾನು ಕೇಳುವ ಅಗತ್ಯವಿರಲಿಲ್ಲ. ದಸೂಕಿ ಅವಳ ಬಾಗಿಲಿನ ಕಡೆ ನೋಡಿದ. ಹಳೆಯ ದಸೂಕಿಯಾಗಿದ್ದರೆ ಬೆಳಿಗ್ಗೆಯಿಂದ ತೊಟ್ಟು ನೀರೂ ಮುಟ್ಟಿಲ್ಲ ಎಂದು ಮೂರು ಸಲ ಆಣೆ ಮಾಡುತ್ತಿದ್ದ.

"ಇಲ್ಲ" ಅಂದ. ಅಷ್ಟೇ.

ಇನ್ಶಿರಾ ಬಿರಾಮ್ ಹಿಡಿದುಕೊಂಡು ಹೊರಗೆ ಬಂದಳು. ಹಾಲಿನ ಅನ್ನ, ಮೇಲೆ ಕೆಂಪಗೆ ಕೆನೆ ಕಟ್ಟಿತ್ತು. ಅವನ ಮುಂದೆ ಇಟ್ಟು ತಾನೂ ಪಕ್ಕದಲ್ಲಿ ಕೂತಳು. "ತಿನ್ನು. ತಿಂದು ಕೋಳಿ ಹಿಡಿ. ಒಂದು ಹುಂಜ ಹೆಚ್ಚಾಗಿದೆ, ಅದು ನಬವಿಯ್ಯಾಗೆ ಇರಲಿ." ದಸೂಕಿ ತಿಂದ. ಅಳುತ್ತಾ ತಿಂದ, ಈ ಸಲ ಹೊಗೆಯ ಮೇಲೆ ತಪ್ಪು ಹೊರಿಸಲಿಲ್ಲ.

ಆ ಪಿಸ್ಟನ್ ಅವಳ ಅಡುಗೆಮನೆಯಲ್ಲಿದೆ. ಬೋರಲು ತಿರುಗಿಸಿ ಅದರಲ್ಲಿ ಉಪ್ಪು ತುಂಬಿಟ್ಟಿದ್ದಾಳೆ. ಈಗ ದಸೂಕಿಗೆ ಎಪ್ಪತ್ತೈದು. ಕುಲುಮೆಯ ಪಕ್ಕದಲ್ಲೇ ದೊಡ್ಡದೊಂದು ಮಣ್ಣಿನ ಒಲೆ ಕಟ್ಟಿಸಿದ್ದಾನೆ. ಅದರ ಬಾಯಿ ತೆರೆಯುವುದೂ ಮುಚ್ಚುವುದೂ ಇನ್ಶಿರಾಳೇ. ಅವಳ ಸಕ್ಕರೆ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ.

ಕಳೆದ ತಿಂಗಳು ನಾನು ಅಲ್ಲಿ ಚಹಾ ಕುಡಿಯುತ್ತಿದ್ದಾಗ ದೂರದ ಹಳ್ಳಿಯ ರೈತನೊಬ್ಬ ಬಂದ. ಪಿಸ್ಟನ್ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. "ಉಸ್ತಾ, ಇದು ಈ ಭತ್ತದ ಬೆಳೆ ದಾಟುತ್ತಾ? ಆಣೆ ಮಾಡಿ ಹೇಳು."

ಕಾರ್ಖಾನೆಯಲ್ಲಿ ಎಲ್ಲರ ಕೈ ನಿಂತಿತು. ಎಲ್ಲರಿಗೂ ಹಳೆ ಕಥೆ ಗೊತ್ತು. ದಸೂಕಿಯ ತುಟಿ ಅಲುಗಿದ್ದು ನಾನು ನೋಡಿದೆ.

"ಬೆಂದಿದೆ" ಅಂದ. "ತಗೊಂಡು ಹೋಗಿ ಹಾಕಿ ನೋಡು. ತಾಳದಿದ್ರೆ ವಾಪಸ್ ತಾ."

"ಅದು ಸರಿ, ಆಣೆ?"

"ಆಣೆ ಇಲ್ಲ."

ರೈತ ಪಿಸ್ಟನ್ ಕೆಳಗಿಟ್ಟ. ಆಣೆ ಮಾಡದ ವ್ಯಾಪಾರಿಯನ್ನು ಅವನು ನೋಡಿಯೇ ಇರಲಿಲ್ಲ, ಪಾಪ. ಹೊರಡಲು ಜಲ್ಲಾಬಿಯ್ಯಾ ನಿಲುವಂಗಿ ಕೊಡವಿಕೊಂಡ. ಆಗ ಒಲೆಯ ಹಿಂದಿನಿಂದ ಇನ್ಶಿರಾಳ ದನಿ ಬಂತು.

"ಆಣೆ ನಾನು ಮಾಡ್ತೀನಿ, ಬಾರಪ್ಪ! ಅದು ತಾಳಿಯೇ ತಾಳುತ್ತೆ. ತಾಳದಿದ್ರೆ ಈ ಉಸ್ತಾನ್ನ ನಾನೇ ಬಿಟ್ಟು ಹೋಗ್ತೀನಿ!"

ದಸೂಕಿ ಬೆಚ್ಚಿಬಿದ್ದು ಒಲೆಯ ಕಡೆ ತಿರುಗಿದ. ಅವಳು ಸಕ್ಕರೆಯ ತಗಡು ಹಿಡಿದುಕೊಂಡು ನಗುತ್ತಿದ್ದಳು. ರೈತ ಅವನ ಮುಖ ನೋಡಿದ, ಅವಳ ಮುಖ ನೋಡಿದ, ವಾಪಸ್ ಬಂದು ಎರಡು ಪಿಸ್ಟನ್ ತೆಗೆದುಕೊಂಡು ಹೋದ.